ಕೀ ನಿನ್ನದೇ, ಆದರೆ ಇಳಿಜಾರಿನಲ್ಲಿ ನಿಲ್ಲಿಸುವಾಗ ಹುಷಾರು

ಪುಟ್ಟಿ,

ನಮ್ಮ ಸ್ಕೋಡಾ ಲಾರಾ ಕಾರನ್ನು ಗೋವಾಕ್ಕೆ ನೀನೇ ತೆಗೆದುಕೊಂಡು ಹೋಗು. ಮೊನ್ನೆ ರಾತ್ರಿ ಬೇಡ ಅಂದಿದ್ದೆ, ಧ್ವನಿಯೂ ಏರಿತ್ತು, ಅದಕ್ಕೆ ಬೇಜಾರಿದೆ. "ಇಷ್ಟು ವರ್ಷ ನೀನು ದಿನಾ ಓಡಿಸಬಹುದು, ನಾನು ಓಡಿಸಿದರೆ ಮಾತ್ರ ಅದು ಹಳೇ ಕಾರು ಆಗಿಬಿಡುತ್ತಾ?" ಅಂತ ಕೇಳಿದೆಯಲ್ಲ, ಆಗ ನನಗೆ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ. ಎದುರಿಗೆ ಕೂತು ಹೇಳಿದರೆ ಅರ್ಧಕ್ಕೇ "ಸರಿ ಅಮ್ಮ, ಸರಿ" ಅಂತೀಯ.

ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ. ನೀನು ಹೋಗುವ ಮನೆ ಪಣಜಿಯ ಆಲ್ಟಿನ್ಹೊ ಗುಡ್ಡದ ಮೇಲಿದೆ, ಪಾರ್ಕಿಂಗ್ ರಸ್ತೆ ಪಕ್ಕದ ಇಳಿಜಾರಿನಲ್ಲೇ ಅಂತ ಹೇಳಿದೆಯಲ್ಲ, ಆವತ್ತಿನಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ.

ನೀನು ಕಾಲೇಜಿನಲ್ಲಿದ್ದಾಗ ನಮ್ಮ ಕಾರನ್ನು ಸರ್ವಿಸ್‌ಗೆ ಅಂತ ಇಲ್ಲಿ ಪುಣೆಯ ಭೋಸರಿಯ ಗ್ಯಾರೇಜಿಗೆ ಬಿಟ್ಟಿದ್ದೆ. ಪಕ್ಕದ ಬೇಯಲ್ಲಿ ನಮ್ಮದೇ ಥರದ ಎಂಜಿನ್ ಇದ್ದ ಇನ್ನೊಂದು ಕಾರು ನಿಂತಿತ್ತು. ಅದರ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಿದ್ದರು. ಮೇಜಿನ ಮೇಲೆ ಹಳೇ ಮರಾಠಿ ಪೇಪರ್ ಹಾಸಿ ವಾಲ್ವ್‌ಗಳನ್ನು ಸಾಲಾಗಿ ಇಟ್ಟಿದ್ದರು. ನೋಡಿದ ತಕ್ಷಣ ಏನೂ ತಿಳಿಯಲ್ಲ, ಎಲ್ಲ ಒಂದೇ ಥರ ಕಪ್ಪಗಿದ್ದವು. ಆ ಮೆಕ್ಯಾನಿಕ್ ಒಂದನ್ನು ಎತ್ತಿ ಎರಡು ಬೆರಳಿನ ಮಧ್ಯೆ ಹಿಡಿದು ತಿರುಗಿಸಿ ತೋರಿಸಿದ. ಕಾಂಡ ಸ್ವಲ್ಪವೇ ಸೊಟ್ಟಗಾಗಿತ್ತು, ತಿರುಗಿಸಿದಾಗ ತಲೆ ಓಲಾಡುತ್ತಿತ್ತು. ಆಮೇಲೆ ಬಗ್ಗಿ ಪಿಸ್ಟನ್ ನೋಡು ಅಂದ. ಮಸಿ ಹಿಡಿದ ಪಿಸ್ಟನ್ ಮೇಲೆ ಉಗುರಿನಷ್ಟು ಅಗಲದ ಹೊಳೆಯುವ ಗುರುತು. ವಾಲ್ವ್ ಬಂದು ಬಡಿದ ಜಾಗ. ಆ ಕಾರಿನ ಒಡೆಯ ಹುಡುಗ ಅಲ್ಲೇ ನಿಂತಿದ್ದ, ಈಗ ನಿನಗಿರುವ ವಯಸ್ಸೇ ಇರಬೇಕು, ಕೈಯಲ್ಲಿ ಫೋನ್ ಹಿಡಿದು ಯಾರಿಗೆ ಮಾಡಲಿ ಅಂತ ತಿಳಿಯದೆ. ವಾರಗಟ್ಟಲೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎರಡು ಸೆಕೆಂಡ್ ಗರಗರ ಅಂತಿತ್ತಂತೆ. ಆಮೇಲೆ ನಿಂತುಹೋಗುತ್ತಿತ್ತಂತೆ. ನಿಂತುಹೋಗುತ್ತೆ ಅಂತಲೇ ಸುಮ್ನೆ ಇದ್ದನಂತೆ.

ನಾನು ಆ ವಾಲ್ವನ್ನು ಇಸಿದುಕೊಂಡು ಎಷ್ಟು ಹೊತ್ತು ನೋಡಿದೆನೋ. ಅವತ್ತು ಅದೇ ಗ್ಯಾರೇಜಿನಲ್ಲಿ ನಮ್ಮ ಕಾರಿನ ಟೈಮಿಂಗ್ ಚೈನಿನ ಟೆನ್ಷನರ್ ಬದಲಿಸಲು ಹೇಳಿ ಬಂದೆ. ನಮ್ಮದರಲ್ಲಿ ಯಾವ ಆವಾಜೂ ಇರಲಿಲ್ಲ. ನಿನ್ನಪ್ಪ "ಚೆನ್ನಾಗಿ ಓಡುವ ಕಾರಿಗೆ ಯಾಕೆ ಇಷ್ಟು ದುಡ್ಡು ಸುರಿಯುತ್ತೀಯ" ಅಂದರು. ನಾನು ಉತ್ತರ ಕೊಡಲಿಲ್ಲ, ಬಿಲ್ ಫೈಲಿಗೆ ಹಾಕಿದೆ.

ಯಾಕೆ ಅಂತ ನಿನಗೆ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದು. ಈ 1.8 ಟರ್ಬೊ ಪೆಟ್ರೋಲ್ ಎಂಜಿನ್ನಿನಲ್ಲಿ ವಾಲ್ವ್ ಮತ್ತು ಪಿಸ್ಟನ್ ಒಂದಕ್ಕೊಂದು ತಾಗದ ಹಾಗೆ ಲಯ ಕಾಯುವುದು ಟೈಮಿಂಗ್ ಬೆಲ್ಟ್ ಅಲ್ಲ, ಚೈನ್. ಚೈನ್ ಬಿಗಿಯಾಗಿರಲು ಟೆನ್ಷನರ್ ಅಂತ ಒಂದು ಸಣ್ಣ ಭಾಗ. ಎಂಜಿನ್ ಓಡುವಾಗ ಆಯಿಲ್ ಒತ್ತಡವೇ ಅದನ್ನು ತಳ್ಳಿ ಹಿಡಿಯುತ್ತದೆ. ಆಫ್ ಮಾಡಿದರೆ ಒತ್ತಡ ಇಲ್ಲ, ಒಳಗಿನ ಒಂದು ಹಲ್ಲಿನ ಕೊಕ್ಕೆ ಮಾತ್ರ ಹಿಡಿದಿರುತ್ತದೆ. ಮೊದಮೊದಲ ವಿನ್ಯಾಸದಲ್ಲಿ ಆ ಕೊಕ್ಕೆ ಸೋಲುತ್ತಿತ್ತು, ಆಮೇಲೆ ಭಾಗವನ್ನೇ ಬದಲಿಸಿ ಹೊಸದು ತಂದರು. ಕೊಕ್ಕೆ ಸೋತು ಚೈನ್ ಸಡಿಲವಾಗಿರುವಾಗ ಎಂಜಿನ್ ಸ್ವಲ್ಪ ಹಿಂದಕ್ಕೆ ತಿರುಗಿದರೂ ಸಾಕು, ಚೈನ್ ಹಲ್ಲು ಹಾರಿಬಿಡಬಹುದು. ಮರುದಿನ ಕೀ ತಿರುಗಿಸಿದಾಗ ವಾಲ್ವ್ ಮತ್ತು ಪಿಸ್ಟನ್ ಒಂದೇ ಜಾಗಕ್ಕೆ ಬಂದು ಬಡಿಯಬಹುದು.

ಎಂಜಿನ್ ಹಿಂದಕ್ಕೆ ತಿರುಗುವುದು ಯಾವಾಗ ಗೊತ್ತಾ? ಇಳಿಜಾರಿನಲ್ಲಿ ಗೇರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಸರಿಯಾಗಿ ಎಳೆಯದೆ ಇಳಿದು ಹೋದಾಗ. ಕಾರಿನ ಭಾರವೆಲ್ಲ ಗೇರಿನ ಮೂಲಕ ಎಂಜಿನ್ ಮೇಲೆ ಬೀಳುತ್ತದೆ. ನಮ್ಮ ಕೋಥ್ರೂಡ್ ಮನೆಯ ಬೇಸ್‌ಮೆಂಟ್ ಸಪಾಟು, ನಿನಗೆ ಆ ಅಭ್ಯಾಸವೇ ಇಲ್ಲ. ಕಾರು ನಿಲ್ಲಿಸಿದ ತಕ್ಷಣ ಮೊದಲ ಗೇರಿಗೆ ಹಾಕಿ ಬ್ಯಾಗ್ ತೆಗೆದುಕೊಂಡು ಇಳಿಯುತ್ತೀಯ, ಹ್ಯಾಂಡ್‌ಬ್ರೇಕ್ ಎರಡು ಕ್ಲಿಕ್ ಎಳೆದಿರುತ್ತೀಯ ಅಷ್ಟೇ. ಆಲ್ಟಿನ್ಹೊದಲ್ಲಿ ಹಾಗೆ ಮಾಡಬೇಡ. ಬ್ರೇಕ್ ತುಳಿದುಕೊಂಡೇ ನ್ಯೂಟ್ರಲ್‌ಗೆ ತಾ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳಿ, ಕಾಲು ತೆಗೆದು ಕಾರು ಅದರ ಮೇಲೆ ಕೂರಲು ಬಿಡು, ಆಮೇಲೆ ಗೇರ್ ಹಾಕು. ಕಾರಿನ ಮುಖ ಕೆಳಕ್ಕಿದ್ದರೆ ಚಕ್ರವನ್ನು ಫುಟ್‌ಪಾತ್ ಕಡೆ, ಮೇಲಕ್ಕಿದ್ದರೆ ರಸ್ತೆ ಕಡೆ ತಿರುಗಿಸು. ಡಿಕ್ಕಿಯಲ್ಲಿ ಒಂದು ಮರದ ತುಂಡು ಇಟ್ಟಿದ್ದೇನೆ, ನಾಚಿಕೆಪಡದೆ ಚಕ್ರಕ್ಕೆ ಕೊಡು.

ಹೊಸ ಟೆನ್ಷನರ್ ಹಾಕಿಸಿದ ಮೇಲೂ ಭಯ ಯಾಕೆ ಅಂತ ಕೇಳುತ್ತೀಯ. ಚೈನ್ ಕೂಡ ವರ್ಷ ಕಳೆದಂತೆ ಎಳೆದುಕೊಳ್ಳುತ್ತದೆ, ಅದನ್ನು ಸ್ಕ್ಯಾನರ್ ಹಾಕಿ ಕ್ಯಾಮ್ ಫೇಸ್ (ವಾಲ್ವ್ ತೆರೆಯುವ ದಂಡ ಎಷ್ಟು ಜರುಗಿದೆ ಅನ್ನೋ ಅಂಕಿ) ನೋಡಿ ತಿಳಿಯಬೇಕು, ವರ್ಷಕ್ಕೊಮ್ಮೆ ನೋಡಿಸು. ಮತ್ತೆ, ನೀನು ಬೆಳಗ್ಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡೇ ಕಾರಿಗೆ ಬರುತ್ತೀಯ. ಕೀ ತಿರುಗಿಸಿದ ಮೊದಲ ಐದು ಸೆಕೆಂಡ್ ಅದನ್ನು ತೆಗಿ. ನಾನು ನಿನ್ನನ್ನು ಬೇರೆ ಏನೂ ಕೇಳುತ್ತಿಲ್ಲ. ಆ ಮೆಕ್ಯಾನಿಕ್ ಯಾವಾಗಲೂ ಬಾನೆಟ್ ಎತ್ತುವ ಮುಂಚೆ "ತಾಈ, ಆವಾಜ್ ಐಕಾ", ಅಕ್ಕಾ, ಸದ್ದು ಕೇಳಿ, ಅಂತಿದ್ದ. ನಾನು ಕೇಳುತ್ತಾ ಕೇಳುತ್ತಾ ಈ ಕಾರನ್ನು ಕಲಿತೆ. ಗರಗರ ಅಂದರೆ ಚೈನ್ ಸಡಿಲವಾಗಿರಬಹುದು, ಎಂಜಿನ್ ಆಫ್ ಮಾಡು, ಮತ್ತೆ ಸ್ಟಾರ್ಟ್ ಮಾಡಿ ನೋಡಬೇಡ, ಆಟೋ ಹಿಡಿದು ಆಫೀಸಿಗೆ ಹೋಗು, ಕಾರನ್ನು ಫ್ಲ್ಯಾಟ್‌ಬೆಡ್ ಮೇಲೆ ಕಳಿಸು. ಮೀಟಿಂಗ್ ಇದೆ, ಜುವಾರಿ ಸೇತುವೆ ದಾಟಿ ವೆರ್ಣಾದ ಆಫೀಸು ತಲುಪಿಬಿಡುತ್ತೇನೆ, ಸಂಜೆ ನೋಡೋಣ ಅಂದುಕೊಳ್ಳುತ್ತೀಯ. ಆ ಹುಡುಗನೂ ಹಾಗೇ ಅಂದುಕೊಂಡಿರುತ್ತಾನೆ ಅಲ್ವಾ?

ಆಯಿಲ್ ಕೂಡ ಅದೇ ಲೆಕ್ಕಕ್ಕೆ ಬರುತ್ತದೆ. ಟೆನ್ಷನರ್ ನಿಂತಿರುವುದೇ ಆಯಿಲ್ ಒತ್ತಡದ ಮೇಲೆ ಅಂದೆನಲ್ಲ. ಈ ಎಂಜಿನ್ ಆಯಿಲ್ ಕುಡಿಯುತ್ತದೆ. ದೀಪ ಹತ್ತುವವರೆಗೂ ಕಾಯಬೇಡ, ಭಾನುವಾರ ಬೆಳಗ್ಗೆ ಡಿಪ್‌ಸ್ಟಿಕ್ ಎಳೆದು ನೋಡು. ಕಂಪನಿ ಪುಸ್ತಕದಲ್ಲಿ ಸರ್ವಿಸ್ 15,000 ಕಿಲೋಮೀಟರಿಗೆ ಅಂತ ಇದೆ. ನಾನು 7,500ಕ್ಕೇ ಬದಲಿಸುತ್ತಿದ್ದೆ, ನೀನೂ ಹಾಗೇ ಮಾಡು. ಡಬ್ಬದ ಮೇಲೆ 502 00 ಅಂತ ಬರೆದಿರುವ ಸಿಂಥೆಟಿಕ್ ಆಯಿಲ್ ಮಾತ್ರ. ಗ್ಯಾರೇಜಿನವರು "ಇದೂ ಅದೇ ಮೇಡಂ" ಅಂದರೆ ಡಬ್ಬ ತಿರುಗಿಸಿ ಓದು. ಕೂಲಂಟ್‌ಗೂ ಅಷ್ಟೇ, ಗುಲಾಬಿ ಬಣ್ಣದ್ದಕ್ಕೆ ಹಸಿರು ಬಣ್ಣದ್ದನ್ನು ಬೆರೆಸಬಾರದು, ನಲ್ಲಿ ನೀರು ಹಾಕಬಾರದು. ವಾಟರ್ ಪಂಪಿನ ಕವಚ ಪ್ಲಾಸ್ಟಿಕ್. ಬಾಟಲಿಯಲ್ಲಿ ಮಟ್ಟ ಇಳಿಯುತ್ತಾ ಬಂದರೆ ಮೊದಲು ಅದನ್ನೇ ನೋಡಿಸು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಾನು ಓಡಿಸಿದ್ದು ಪುಣೆಯಲ್ಲಿ. ಕಾರಿಗೆ ಒಂದು ಸದ್ದು ಬಂದರೆ ಅರ್ಧ ಗಂಟೆಯೊಳಗೆ ಅದನ್ನು ಬಲ್ಲವನ ಮುಂದೆ ನಿಲ್ಲಿಸಬಹುದಿತ್ತು. ಮನೆಯಲ್ಲಿ ಎರಡನೇ ಗಾಡಿ ಇತ್ತು, ಒಂದು ವಾರ ಇದು ಗ್ಯಾರೇಜಿನಲ್ಲಿ ಕೂತರೂ ನನ್ನ ಕೆಲಸ ನಿಲ್ಲುತ್ತಿರಲಿಲ್ಲ. ಜನ ನನ್ನನ್ನು ಕೇಳುತ್ತಿದ್ದರು, ಇಷ್ಟು ಹಳೇ ಜರ್ಮನ್ ಎಂಜಿನ್ ಕಾರನ್ನು ದಿನಾ ಹೇಗೆ ಓಡಿಸುತ್ತೀರಿ ಅಂತ. ಹೀಗೇ ಓಡಿಸಿದ್ದು. ನಿನಗೆ ಅಲ್ಲಿ ಅದು ಯಾವುದೂ ಇಲ್ಲ, ಇನ್ನೂ ಗೆಳೆಯರೂ ಇಲ್ಲ. ನನ್ನ ಭಯ ಪೂರ್ತಿ ಅಷ್ಟೇ. ನಿನ್ನ ಡ್ರೈವಿಂಗ್ ಬಗ್ಗೆ ಅಲ್ಲವೇ ಅಲ್ಲ. ಹೋದ ಮಳೆಗಾಲದಲ್ಲಿ ಕೊಲ್ಹಾಪುರದಿಂದ ನೀನು ಓಡಿಸಿಕೊಂಡು ಬಂದಾಗ ನಾನು ಪಕ್ಕದಲ್ಲಿ ಕೂತು ನಿದ್ದೆ ಮಾಡಿದೆ. ನಾನು ಯಾರ ಪಕ್ಕದಲ್ಲೂ ನಿದ್ದೆ ಮಾಡುವವಳಲ್ಲ. ನೀನು ಕ್ಲಚ್ ಬಿಡುವ ರೀತಿ ನನಗಿಂತ ನಯ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

ಮತ್ತೆ ಈ ಕಾರು ಹೇಗಿದೆ ಅಂತಲೂ ನನಗೆ ಗೊತ್ತು. ಲಾರಾ ವಿಆರ್‌ಎಸ್ 2011ರಲ್ಲಿ ಬಂದಾಗ ಎಲ್ಲರೂ ಡೀಸೆಲ್ ಆಟೋಮ್ಯಾಟಿಕ್ ಕೇಳುತ್ತಿದ್ದರು. ಇದೋ ಪೆಟ್ರೋಲ್, 160 ಅಶ್ವಶಕ್ತಿ, ಆರು ಗೇರ್, ಮ್ಯಾನುವಲ್. ಮರುವರ್ಷ ನಾನು ನನ್ನ ಸಂಬಳದಲ್ಲಿ ತೆಗೆದುಕೊಂಡೆ. ಇವತ್ತಿಗೂ ಎಕ್ಸ್‌ಪ್ರೆಸ್‌ವೇಯಲ್ಲಿ ಮೂರನೇ ಗೇರಿನಲ್ಲಿ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ. ಹದಿನಾಲ್ಕು ವರ್ಷ ಆದರೂ ಪಿಕಪ್‌ಗೆ ವಯಸ್ಸಾಗಿಲ್ಲ. ವಯಸ್ಸಾಗಿರುವುದು ರಬ್ಬರಿಗೆ, ಪ್ಲಾಸ್ಟಿಕ್ಕಿಗೆ, ಬುಷ್‌ಗಳಿಗೆ, ಬ್ರೇಕ್ ಫ್ಲೂಯಿಡ್‌ಗೆ. ವೇಗ ಹಾಗೇ ಇದೆ, ಅದನ್ನು ನಿಲ್ಲಿಸುವ ಸಾಮಾನು ಹಳೆಯದಾಗುತ್ತಿದೆ. ಅದಕ್ಕೇ ಬ್ರೇಕಿನ ವಿಷಯದಲ್ಲಿ ಒಂದು ರೂಪಾಯಿ ಉಳಿಸಬೇಡ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಫ್ಲೂಯಿಡ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು, ನೀರು ಕುಡಿದದ್ದು 155ಕ್ಕೇ ಕುದಿಯಬಹುದು. ಆಂಬೋಲಿ ಘಾಟ್ ಇಳಿಯುವಾಗ ಬರೀ ಬ್ರೇಕ್ ಮೇಲೆ ಇಳಿದರೆ ಪೆಡಲ್ ಮೆತ್ತಗಾಗುವುದು ಇದರಿಂದಲೇ. ಗೇರ್ ಇಳಿಸಿಕೊಂಡು ಬಾ. ಎರಡು ವರ್ಷಕ್ಕೊಮ್ಮೆ ಫ್ಲೂಯಿಡ್ ಬದಲಿಸು, ಗೋವಾದ ತೇವದ ಗಾಳಿಗೆ ಅದು ಜಾಸ್ತಿ ಅಂತ ಅನ್ನಿಸದಿರಲಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2321 ಅಂದರೆ 2021ರ 23ನೇ ವಾರದ್ದು. ಟೈರಿನ ಮೇಲಿನ ಗೀರುಗಳು (ಟ್ರೆಡ್) ಸವೆಯದೆ ಚೆನ್ನಾಗಿದ್ದರೂ ಐದಾರು ವರ್ಷ ಆದರೆ ತೆಗಿ.

ಪೆಟ್ರೋಲ್ ಬಗ್ಗೆ ಎಲ್ಲರೂ ನಿನ್ನನ್ನು ಹೆದರಿಸುತ್ತಾರೆ. ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್, ಬಂದ ಮೇಲೆ ಆಕ್ಟೇನ್ 95 ಆಗಿದೆ, ಅದು ಟರ್ಬೊಗೆ ಒಳ್ಳೆಯದೇ. ತೊಂದರೆ ಇರುವುದು ಹಳೇ ರಬ್ಬರ್ ಪೈಪು, ಸೀಲುಗಳಿಗೆ. ಮೈಲೇಜೂ ಸ್ವಲ್ಪ ಇಳಿಯುತ್ತದೆ. ಕ್ಯಾಬಿನ್ ಒಳಗೆ ಪೆಟ್ರೋಲ್ ವಾಸನೆ ಬಂದರೆ ಸ್ಟಾರ್ಟ್ ಮಾಡಬೇಡ, ಅಷ್ಟೇ ನೆನಪಿಟ್ಟುಕೋ. ಮಾವಿನ ಮರದ ಕೆಳಗೆ ನಿಲ್ಲಿಸಿದರೆ ಮುಂದಿನ ಗಾಜಿನ ಬುಡದಲ್ಲಿರುವ ಕಪ್ಪು ಜಾಲರಿಯಲ್ಲಿ ಎಲೆ ತುಂಬುತ್ತದೆ, ಜೂನ್‌ಗೆ ಮುಂಚೆ ತೆಗೆಸು. ಇಲ್ಲದಿದ್ದರೆ ನೀರು ಕಾಲ ಬುಡಕ್ಕೆ ಇಳಿಯುತ್ತದೆ.

ಮುಂದಿನ ವರ್ಷ ಆರ್‌ಸಿಗೆ 15 ವರ್ಷ ತುಂಬುತ್ತದೆ. ನವೀಕರಣದ ಶುಲ್ಕ 2022ರಲ್ಲೇ 600ರಿಂದ 5,000 ಆಯಿತು, ಜೊತೆಗೆ ಫಿಟ್‌ನೆಸ್, ಗ್ರೀನ್ ಟ್ಯಾಕ್ಸ್. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಬೇಕು. ಎರಡೂ ಒಟ್ಟಿಗೆ ಬರುತ್ತವೆ, ಎನ್‌ಒಸಿ ಮೊದಲೋ ನವೀಕರಣ ಮೊದಲೋ ಅಂತ ಇಲ್ಲಿ ನಾನೇ ಆರ್‌ಟಿಒಗೆ ಹೋಗಿ ಕೇಳುತ್ತೇನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ಪಾಠ ಬೇಡ ಅಂತ ಕೂತವಳು ಇಷ್ಟು ಬರೆದೆ. ಆದರೂ ದುಡ್ಡಿನ ಮಾತು ಉಳಿದಿದೆ. ಈ ಕಾರನ್ನು ಮಾರಿದರೆ ಸಿಗುವ ಬೆಲೆ ಹಳೇ ಸಣ್ಣ ಕಾರಿನದು, ಬಿಡಿಭಾಗಗಳ ಬೆಲೆ ಮಾತ್ರ ಇನ್ನೂ ದೊಡ್ಡ ಕಾರಿನದೇ. ಇಎಂಐ ಇಲ್ಲ ಅಂತ ಆ ದುಡ್ಡನ್ನು ಖರ್ಚು ಮಾಡಿಬಿಟ್ಟರೆ ಒಂದು ದಿನ ದೊಡ್ಡ ಬಿಲ್ ಬಂದಾಗ "ಇನ್ನೊಂದು ತಿಂಗಳು ಹೀಗೇ ಓಡಿಸೋಣ" ಅನ್ನಿಸುತ್ತದೆ. ಆ ಒಂದು ತಿಂಗಳೇ ನನಗೆ ಹೆದರಿಕೆ. ಬೇರೆ ಖಾತೆ ತೆರೆ, ತಿಂಗಳಿಗೆ 8,000 ಅದರಲ್ಲಿ ಹಾಕು, ಕಾರಿಗೆ ಬಿಟ್ಟು ಬೇರೇನಕ್ಕೂ ಮುಟ್ಟಬೇಡ. ಮೊದಲ ವರ್ಷ ಅರ್ಧ ನಾನು ಹಾಕುತ್ತೇನೆ. ನೀನು ಬೇಡ ಅಂತೀಯ, ಗೊತ್ತು. ನನ್ನ ಕಾರೂ ಹೌದು ಅದು, ಹಾಕುತ್ತೇನೆ.

ಭಾನುವಾರ ನಿಪ್ಪಾಣಿಯಲ್ಲಿ ನಿಲ್ಲಿಸಿ ಊಟ ಮಾಡು, ಅಲ್ಲಿಂದ ಫೋನ್ ಮಾಡು. ಘಾಟ್ ಹತ್ತಿದ ಮೇಲೆ ಆಫ್ ಮಾಡಿದರೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ, ಗಾಬರಿಯಾಗಬೇಡ, ಅದು ಹಾಗೇ. ಮನೆ ಮುಟ್ಟಿದ ಮೇಲೆ ಕಾರು ಹೇಗೆ ನಿಲ್ಲಿಸಿದ್ದೀಯ ಅಂತ ಒಂದು ಫೋಟೊ ಕಳಿಸು. ಹ್ಯಾಂಡ್‌ಬ್ರೇಕ್ ಕಾಣಬೇಕು.

ನಿನ್ನ ಅಮ್ಮ