ಅಡ್ವಾನ್ಸ್ ಜಗಳಕ್ಕೆ ಮೊದಲ ದಿನವೇ ಮದ್ದು

ಮಾನ್ಯರೇ,

ಬೆಂಗಳೂರಿನಲ್ಲಿ ಬಾಡಿಗೆ ಮನೆ ಖಾಲಿ ಮಾಡುವಾಗ ಅಡ್ವಾನ್ಸ್ ವಾಪಸ್ ಕೊಡುವ ವಿಷಯಕ್ಕೆ ಜಗಳ ಆಗುವುದು ಮಾಮೂಲಾಗಿದೆ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎನ್ನುತ್ತದೆ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ. ರಾಜ್ಯಗಳಿಗೆ ಅದು ಬರೀ ಮಾದರಿ ಅಷ್ಟೇ. ಇಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವವರು ಇನ್ನೂ ಇದ್ದಾರೆ.

ಮೊತ್ತ ದೊಡ್ಡದಾದಷ್ಟೂ ಮುರಿದುಕೊಳ್ಳುವ ಆಸೆಯೂ ದೊಡ್ಡದು! ಪೇಂಟಿಂಗ್ ಹೆಸರಲ್ಲಿ ಮಾಲೀಕರು ಒಂದು ತಿಂಗಳ ಬಾಡಿಗೆ ಹಿಡಿಯುತ್ತಾರೆ. ಗೋಡೆ ನಿಜಕ್ಕೂ ಹಾಳಾಗಿದೆಯೇ ಎಂದು ನೋಡುವುದೇ ಇಲ್ಲ. ವರ್ಷಗಟ್ಟಲೆ ಜನ ಬಾಳಿದ ಮನೆಯ ಬಣ್ಣ ಮಾಸುವುದು ಸಹಜ ಅಲ್ವಾ? ಇತ್ತ ಬಾಡಿಗೆದಾರರೂ ಕೊನೆಯ ತಿಂಗಳುಗಳ ಬಾಡಿಗೆ ಕೊಡದೆ, 'ಅಡ್ವಾನ್ಸ್‌ನಲ್ಲೇ ಮುರಿದುಕೊಳ್ಳಿ' ಎಂದುಬಿಡುತ್ತಾರೆ. ಅಂಗಡಿಯಲ್ಲಿ ಸುಮ್ನೆ ಟೈಪ್ ಮಾಡಿಸಿದ ಹನ್ನೊಂದು ತಿಂಗಳ ಕರಾರಿನಲ್ಲಿ ಇವಕ್ಕೆಲ್ಲ ಉತ್ತರ ಎಲ್ಲಿಂದ ಬರಬೇಕು?

ನನ್ನಂಥ ಮನೆ ಮಾಲೀಕರು ಕೀ ಕೊಡುವ ದಿನವೇ ಗೋಡೆ, ನಲ್ಲಿ, ಗೀಸರ್, ಬಾಗಿಲುಗಳ ಫೋಟೊ ತೆಗೆಯಬೇಕು; ಅದನ್ನು ಮಾಲೀಕರು, ಬಾಡಿಗೆದಾರರು ಇಬ್ಬರೂ ಇಟ್ಟುಕೊಳ್ಳಬೇಕು. ಪೇಂಟಿಂಗ್ ಖರ್ಚು ಯಾರದು, ಎಷ್ಟು ಎಂದು ಕರಾರಿನಲ್ಲೇ ಬರೆಸಬೇಕು. ಮನೆ ಬಿಡುವಾಗ ಅದೇ ಫೋಟೊ ಇಟ್ಟುಕೊಂಡು ಲೆಕ್ಕ ಮಾಡಿ, ಉಳಿದ ಹಣವನ್ನು ಅಂದೇ ಬ್ಯಾಂಕ್ ಮೂಲಕ ಕೊಡಲಿ.

– ಮನೆ ಮಾಲೀಕರೊಬ್ಬರು, ಬೆಂಗಳೂರು