ಓದಿಸೋ ಅಜ್ಜಿಯ ವಿಷಯವಾಗಿ ಪೋಷಕರಿಗೆ ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಮಕ್ಕಳು ‘ಓದಿಸೋ ಅಜ್ಜಿ’ ಎಂದೇ ಕರೆಯುತ್ತಿದ್ದ ಪ್ರತಿ ಮಂಗಳವಾರ ನಮ್ಮ ಲೈಬ್ರರಿಗೆ ಬಂದು ಮಕ್ಕಳನ್ನು ಓದಿಸುತ್ತಿದ್ದ ಹಿರಿಯರು ಕಳೆದ ವಾರ ತೀರಿಕೊಂಡರು. ತೊಂಬತ್ತು ದಾಟಿತ್ತು. ಸೋಮವಾರದ ಅಸೆಂಬ್ಲಿಯಲ್ಲಿ ಇದನ್ನು ನಾನೇ ಮಕ್ಕಳಿಗೆ ಹೇಳಿದೆ. ಸಂಜೆಯಿಂದಲೇ ಫೋನ್ ಶುರುವಾಯಿತು. ‘ಒಂದನೇ ಕ್ಲಾಸಿನ ಮಗುವಿಗೆ ಸಾವಿನ ಸುದ್ದಿ ಯಾಕೆ ಮೇಡಂ? ಊರಿಗೆ ಹೋಗಿದ್ದಾರೆ ಅಂದಿದ್ದರೆ ಆಗ್ತಿತ್ತಲ್ವಾ?’ ಎಂದು ಒಬ್ಬ ತಾಯಿ ಕೇಳಿದರು.

ಕೇಳಿದ್ದು ತಪ್ಪಲ್ಲ. ಮಗು ರಾತ್ರಿ ಎದ್ದು ಅತ್ತರೆ ಸಮಾಧಾನ ಮಾಡುವವರು ನೀವು, ನಾನಲ್ಲ. ಮೊದಲೇ ನಿಮಗೊಂದು ಮೆಸೇಜ್ ಕಳಿಸಬೇಕಿತ್ತು. ಅದು ನನ್ನ ತಪ್ಪು.

ಆದರೆ ಹೇಳಿದ್ದು ತಪ್ಪು ಅನ್ನಿಸುವುದಿಲ್ಲ. ಊರಿಗೆ ಹೋಗಿದ್ದಾರೆ ಅಂದರೆ ಮಗು ಕಾಯುತ್ತದೆ. ಪ್ರತಿ ಮಂಗಳವಾರ ಲೈಬ್ರರಿ ಬಾಗಿಲಲ್ಲಿ ನಿಂತು ಕಾಯುತ್ತದೆ. ‘ಮಲಗಿದ್ದಾರೆ’ ಅಂದರೆ ಇನ್ನೂ ಕಷ್ಟ, ಕೆಲವು ಮಕ್ಕಳು ತಾವೇ ಮಲಗಲು ಹೆದರುತ್ತಾರೆ. ಸತ್ತವರು ಮತ್ತೆ ಬರುವುದಿಲ್ಲ ಎನ್ನುವುದು ಹೆಚ್ಚಿನ ಮಕ್ಕಳಿಗೆ 5ರಿಂದ 7 ವರ್ಷದ ಹೊತ್ತಿಗೆ ಅರ್ಥವಾಗುತ್ತಾ ಬರುತ್ತದೆ. ಹಾಗಾಗಿ ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾರೆ. ಅಳುತ್ತಾ ಕೇಳಿದವರು ಮರುನಿಮಿಷ ಆಡಲು ಓಡುತ್ತಾರೆ. ಮನಸ್ಸಿಗೆ ತಟ್ಟಿಲ್ಲ ಅಂತಲ್ಲ, ಚಿಕ್ಕವರ ದುಃಖ ಹಾಗೇ ಬಂದು ಹೋಗುತ್ತಿರುತ್ತದೆ.

ಹೊಸ ಪೋಷಕರಿಗೆ ಈ ಅಜ್ಜಿ ಗೊತ್ತಿರಲಿಕ್ಕಿಲ್ಲ. ಅವರೂ ನಿಮ್ಮ ಹಾಗೆ ಪೋಷಕರಾಗಿಯೇ ಈ ಗೇಟಿನೊಳಗೆ ಬಂದವರು. ನಾಲ್ಕು ಮಕ್ಕಳಲ್ಲಿ ಕೊನೆಯವಳಿಗೆ ಓದು ಹತ್ತುತ್ತಿರಲಿಲ್ಲ. ವಾರಕ್ಕೊಂದು ದಿನ ಪಕ್ಕದಲ್ಲಿ ಕೂತು ಓದಿಸಲಾ ಎಂದು ಕೇಳಿದರಂತೆ. ಮಗಳ ಪಕ್ಕ ಇನ್ನೊಂದು ಮಗು ಬಂದು ಕೂತಿತು, ಆಮೇಲೆ ಮತ್ತೊಂದು. ಮಗಳು ಶಾಲೆ ಮುಗಿಸಿ ಹೋದಳು. ತಾಯಿ ಇಲ್ಲೇ ಉಳಿದರು. ಆ ಮಗಳಿಗೇ ಈಗ ಮೊಮ್ಮಕ್ಕಳಿದ್ದಾರೆ.

ಅವರಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಬಾಯಿ ಬಿಡದ ಮಗುವನ್ನು ಬೇಕಂತಲೇ ಎಡಗಡೆ ಕೂರಿಸಿಕೊಳ್ಳುತ್ತಿದ್ದರು. ‘ಕೇಳಿಸ್ಲಿಲ್ಲ ಕಂದ, ಇನ್ನೊಂಚೂರು ಜೋರಾಗಿ.’ ತಿಂಗಳೆರಡರಲ್ಲಿ ಆ ಮಗುವಿನ ದನಿ ನನ್ನ ರೂಮಿನವರೆಗೂ ಬರುತ್ತಿತ್ತು. ನನ್ನ ಟ್ರೇನಿಂಗ್‌ನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಸನ್ಮಾನ ಅಂದರೆ ಮಾತ್ರ ತಪ್ಪಿಸಿಕೊಳ್ಳುತ್ತಿದ್ದರು. ಡಿಸೆಂಬರ್ 5 ಸ್ವಯಂಸೇವಕರ ದಿನ, 1985ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ್ದು. ಪ್ರತಿ ವರ್ಷ ಕರೆಯುತ್ತಿದ್ದೆವು. ‘ಅವತ್ತು ಮಂಗಳವಾರ ಆದ್ರೆ ಹೇಗೂ ಬರ್ತೀನಲ್ಲ’ ಅನ್ನುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಅವರ ನೆನಪಿಗೆ ಅರ್ಧ ಗಂಟೆ ಸೇರುತ್ತೇವೆ. ಪರೀಕ್ಷೆ ಹತ್ತಿರ ಇದೆ, ಗೊತ್ತು. ಹೋದ ಪೀರಿಯಡ್ಡನ್ನು ಆಟದ ಸಮಯದಿಂದ ಕಡಿಯುವುದಿಲ್ಲ, ನಾವೇ ಹೊಂದಿಸುತ್ತೇವೆ. ಭಾಷಣ ಇಲ್ಲ, ನನ್ನದೂ ಇಲ್ಲ. ಅವರ ಹತ್ತಿರ ಓದಿದ ಮಕ್ಕಳು ತಲಾ ಒಂದು ಪುಟ ಜೋರಾಗಿ ಓದುತ್ತಾರೆ. ಅಳು ಬಂದ ಮಗುವಿನ ಜೊತೆ ಟೀಚರ್ ಇರುತ್ತಾರೆ, ಎದ್ದು ಹೊರಗೆ ಹೋದರೂ ಯಾರೂ ತಡೆಯುವುದಿಲ್ಲ. ಕಳಿಸಲು ಇಷ್ಟವಿಲ್ಲದಿದ್ದರೆ ಬೇಡ, ಯಾಕೆ ಅಂತ ಕೇಳುವುದಿಲ್ಲ.

ಆದರೆ ಮನೆಯಲ್ಲಿ ಮಗು ಕೇಳಿದರೆ ದಯವಿಟ್ಟು ‘ತೀರಿಕೊಂಡರು’ ಎಂದೇ ಹೇಳಿ. ಇಲ್ಲಿ ಒಂದು, ಅಲ್ಲಿ ಒಂದು ಕೇಳಿದರೆ ಮಗು ಯಾರನ್ನು ನಂಬಬೇಕು?

ಕಳಿಸದವರು ಗುರುವಾರದೊಳಗೆ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ.

ಇಂತಿ,
ಮುಖ್ಯ ಶಿಕ್ಷಕಿ