ತಿರುಗಾಟದಿಂದ ಸೀರಿಯಲ್ ಸೆಟ್ಟಿಗೆ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಸೀರಿಯಲ್ ಒಪ್ಪಿಕೊಂಡೆ ಅಂತ ಬರೆದಿದ್ದೀಯ, ಖುಷಿಯಾಯಿತು. ನಾಟಕದಿಂದ ಬಂದವರಿಗೆ ದನಿ ತಗ್ಗಿಸು, ಕೈ ಬೀಸಬೇಡ ಅಂತ ಎಲ್ಲರೂ ಹೇಳುತ್ತಾರೆ. ಅದು ಬೇಗ ರೂಢಿಯಾಗುತ್ತದೆ. ಕಷ್ಟ ಇರುವುದು ಬೇರೆ ಕಡೆ: ಕ್ಯಾಮೆರಾ ಮುಂದೆ ಕಥೆ ಸಾಲಾಗಿ ನಡೆಯುವುದಿಲ್ಲ. ನೀನಾಸಂ ತಿರುಗಾಟದಲ್ಲಿ, ಊರೂರು ಸುತ್ತಿ ನಾಟಕ ಆಡುವಾಗ, ನೀನು ಪಾತ್ರವನ್ನು ಎರಡು ಗಂಟೆಯಲ್ಲಿ ಹಂತಹಂತವಾಗಿ ಏರಿಸುತ್ತಿದ್ದೆ. ಇಲ್ಲಿ ಹಜಾರಕ್ಕೆ ಲೈಟ್ ಹಾಕಿದರೆ ಮೂರ್ನಾಲ್ಕು ಎಪಿಸೋಡಿನ ಹಜಾರದ ಸೀನುಗಳೆಲ್ಲ ಅವತ್ತೇ ಮುಗಿಯಬೇಕು. ಮಗಳು ಮನೆಬಿಟ್ಟ ಮೇಲಿನ ಅಳು ಬೆಳಿಗ್ಗೆ, ಅವಳಿಗೆ ಬೈಯುವ ಸೀನು ಮಧ್ಯಾಹ್ನ.

ಅದಕ್ಕೊಂದು ನೋಟ್‌ಬುಕ್ ಇಟ್ಟುಕೋ. ಸೀನ್ ನಂಬರ್, ಅದರ ಹಿಂದಿನ ಸೀನಿನಲ್ಲಿ ಆದದ್ದು, ಪಾತ್ರಕ್ಕೆ ಆ ಹೊತ್ತಿಗೆ ಏನು ಗೊತ್ತು, ಏನು ಗೊತ್ತಿಲ್ಲ, ಕೋಪವೋ ದುಃಖವೋ ಎಷ್ಟರ ಮಟ್ಟಿಗೆ ಏರಿದೆ, ಎಲ್ಲ ಬರೆ. ಬಟ್ಟೆ, ವಾಚುಗಳ ಕಂಟಿನ್ಯುಟಿಯನ್ನು, ಅಂದರೆ ಶಾಟ್‌ನಿಂದ ಶಾಟ್‌ಗೆ ಅವು ಬದಲಾಗದಂತೆ, ಅಸಿಸ್ಟೆಂಟ್‌ಗಳು ಫೋಟೊ ತೆಗೆದು ಕಾಯುತ್ತಾರೆ. ಮನಸ್ಸಿನದ್ದನ್ನು ನೀನೇ ಕಾಯಬೇಕು.

ಇಡೀ ಸೀನನ್ನು ದೂರದಿಂದ ಹಿಡಿಯುವ ಮಾಸ್ಟರ್ ಶಾಟ್‌ನಲ್ಲಿ ಯಾವ ಪದಕ್ಕೆ ಲೋಟ ಎತ್ತಿದೆಯೋ ಕ್ಲೋಸ್‌ಅಪ್‌ನಲ್ಲೂ ಅದೇ ಪದಕ್ಕೆ, ಅದೇ ಕೈಯಲ್ಲಿ ಎತ್ತು. ಇಲ್ಲದಿದ್ದರೆ ಎಡಿಟಿಂಗ್‌ನಲ್ಲಿ ಎರಡು ಶಾಟ್ ಕೂಡುವುದಿಲ್ಲ, ಅಭಿನಯ ಚೆನ್ನಾಗಿದ್ದರೂ ತೆಗೆದುಹಾಕುತ್ತಾರೆ. ಕ್ಲೋಸ್‌ಅಪ್‌ನಲ್ಲಿ ಎದುರಿನವರ ಎರಡೂ ಕಣ್ಣು ನೋಡಹೋದರೆ ನಿನ್ನ ಕಣ್ಣುಗುಡ್ಡೆ ಆಚೀಚೆ ಓಡುತ್ತದೆ, ಪಾತ್ರ ಸುಳ್ಳು ಹೇಳುತ್ತಿದೆಯೇನೋ ಅನ್ನಿಸುತ್ತದೆ. ಲೆನ್ಸಿಗೆ ಹತ್ತಿರದ ಒಂದು ಕಣ್ಣನ್ನೇ ಹಿಡಿ. ಮೈಕ್ ಎದೆಯ ಮೇಲಿರುತ್ತದೆ, ಅಲ್ಲಿ ಕೈ ತಟ್ಟಬೇಡ.

ಪ್ರಾಂಪ್ಟಿಂಗ್, ಅಂದರೆ ಶಾಟ್ ನಡೆಯುವಾಗಲೇ ಪಕ್ಕದಿಂದ ಮಾತು ಹೇಳಿಕೊಡುವುದು, ಅದರ ಬಗ್ಗೆ ನನಗೆ ನಿಜವಾದ ಭಯವಿದೆ. ಮಾತು ಕೊಡುತ್ತಾರೆ ಅಂತ ಗೊತ್ತಾದರೆ ಕಿವಿ ಅತ್ತ ತಿರುಗುತ್ತದೆ, ಕಣ್ಣು ಸತ್ತುಹೋಗುತ್ತದೆ. ಸೀನ್ ಪೇಪರ್ ಕೈಗೆ ಬಂದ ತಕ್ಷಣ ಎದುರಿನವರ ಮಾತನ್ನೇ ಮೊದಲು ಓದು. ಏನು ಕೇಳಿಸಿಕೊಳ್ಳುತ್ತಿದ್ದೀಯ ಅಂತ ಗೊತ್ತಿದ್ದರೆ ಪ್ರಾಂಪ್ಟ್ ಬರೀ ನೆನಪಿಗಷ್ಟೇ ಸಾಕು. ರಂಗಭೂಮಿಯಿಂದ ಬಂದ ವೈಶಾಲಿ ಕಾಸರವಳ್ಳಿಯವರು ‘ಮಾಲ್ಗುಡಿ ಡೇಸ್’ ಸೀರಿಯಲ್‌ನಲ್ಲಿ ಸ್ವಾಮಿ ಅನ್ನುವ ಹುಡುಗನ ತಾಯಿ. ಅವರ ಸೀನುಗಳನ್ನು ಒಮ್ಮೆ ಸದ್ದಿಲ್ಲದೆ ನೋಡು, ಮಾತಿಲ್ಲದಾಗ ಏನು ಮಾಡುತ್ತಾರೆ ಅನ್ನುವುದನ್ನಷ್ಟೇ ಗಮನಿಸು. ಮುಂದೆ ಅವರೇ ‘ಮೂಡಲ ಮನೆ’ ಸೀರಿಯಲ್ ನಿರ್ದೇಶಿಸಿದರು.

ದುಡ್ಡಿನ ಮಾತು. ದಿನಕ್ಕೆಷ್ಟು, ಯಾವಾಗ ಕೊಡುತ್ತಾರೆ, ತಿಂಗಳಿಗೆ ಕನಿಷ್ಠ ಎಷ್ಟು ದಿನ ಕೆಲಸ, ಇದೆಲ್ಲ ಕರಾರಿನಲ್ಲಿರಲಿ. ರೇಟಿಂಗ್ ಬಿದ್ದರೆ ಪಾತ್ರ ಊರು ಬಿಟ್ಟು ಹೋಗುವುದು ಇಲ್ಲಿ ಮಾಮೂಲು. ಕೊಡುವ ದುಡ್ಡಿನಲ್ಲೇ ಟಿಡಿಎಸ್ ಅಂತ ತೆರಿಗೆ ಹಿಡಿದಿದ್ದರೆ ಆದಾಯ ತೆರಿಗೆ ರಿಟರ್ನ್ಸ್ ಹಾಕುವುದನ್ನು ಮರೆಯಬೇಡ.

ನಾಟಕದ ತಾರೀಖುಗಳನ್ನೂ ಸಹಿಗೆ ಮುಂಚೆಯೇ ಬರೆಸು. ಎಪಿಸೋಡ್ ಬ್ಯಾಂಕಿಂಗ್, ಅಂದರೆ ಮುಂಚೆಯೇ ಶೂಟ್ ಮಾಡಿಟ್ಟ ಎಪಿಸೋಡುಗಳು, ಕಡಿಮೆಯಾದಾಗ ಹಿಂದಿನ ರಾತ್ರಿ ಫೋನ್ ಮಾಡಿ ಕರೆಯುತ್ತಾರೆ. ರಂಗಶಂಕರ ನಾಟಕ ಮಂದಿರದಲ್ಲಿ ಸಂಜೆ 7.30ಕ್ಕೆ ಶೋ ಅಂದರೆ 7.30ಕ್ಕೇ. ಅವತ್ತು ಸೆಟ್ಟಿನಲ್ಲಿ ಅರ್ಧ ದಿನದ ಕೆಲಸವನ್ನೂ ಒಪ್ಪಬೇಡ, ಮೇಕಪ್ ಒರೆಸಿಕೊಂಡು ಬೆಂಗಳೂರಿನ ಟ್ರಾಫಿಕ್ ದಾಟುವಷ್ಟರಲ್ಲಿ ನಾಟಕ ಶುರುವಾಗುವ ಮೂರನೇ ಬೆಲ್ ಆಗಿರುತ್ತದೆ.

ನಿನ್ನ ಗೆಳೆಯ